ಕೆಂಪು ಗೆರೆಯವರೆಗೆ ನೀರು

ನಾವಿದ್ದ ರೈಲ್ವೆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಒಂದು ನುಗ್ಗೆಮರ. ಮುಂಬಾಗಿಲು ತೆರೆದರೆ ಹೊಳೆನರಸೀಪುರದ ಸ್ಟೇಶನ್ನಿನ ಬೆನ್ನು ಕಾಣುತ್ತಿತ್ತು. ಹಿತ್ತಲ ಬಾಗಿಲು ತೆರೆದರೆ ಬೇಲಿ, ಬೇಲಿಯಾಚೆ ಬಯಲು. ಹಾಸನದ ಕಡೆಗೆ ಹಳಿ ಹಿಡಿದು ನಡೆದರೆ ಹೇಮಾವತಿ ಹೊಳೆ, ಹೊಳೆಯ ಮೇಲೆ ರೈಲು ಸೇತುವೆ. ಅಪ್ಪ ಆ ಸ್ಟೇಶನ್ನಿನಲ್ಲಿ ಅಸಿಸ್ಟೆಂಟ್ ಮಾಸ್ಟರು. ದಿನಕ್ಕಿಷ್ಟು ಗಾಡಿಗಳು ಬಂದು ಹೋಗುತ್ತಿದ್ದವು, ಆದರೆ ಅವುಗಳಿಂದ ಇಳಿದವರಲ್ಲಿ ಒಬ್ಬರೂ ನಮ್ಮ ಮನೆಗೆ ಬಂದವರಲ್ಲ. ನನ್ನ ಓರಗೆಯ ಮಕ್ಕಳೆಲ್ಲ ಊರೊಳಗಿದ್ದರು. ಶಾಲೆ ಬಿಟ್ಟು ಬಂದಮೇಲೆ ನಾನು ಮೆಟ್ಟಿಲ ಮೇಲೆ ಕೂತು ಹುಣಸೆಬೀಜ ಹಾಕಿಕೊಂಡು ಅಳಗುಳಿಮಣೆ ಆಡುತ್ತಿದ್ದೆ. ಆ ಕಡೆಯ ಆಟವೂ ನನ್ನದೇ, ಈ ಕಡೆಯ ಆಟವೂ ನನ್ನದೇ. ಆ ಕಡೆ ಕೂತಿರುವುದು ಅಮ್ಮ ಅಂದುಕೊಂಡು, ಪ್ರತಿ ಸಲವೂ ಆ ಕಡೆಯನ್ನೇ ಗೆಲ್ಲಿಸುತ್ತಿದ್ದೆ. ಗೆದ್ದರೆ ಬೇಗ ಬರುತ್ತಾಳೆ ಎಂದು ಯಾರು ಹೇಳಿದ್ದರೋ ಗೊತ್ತಿಲ್ಲ. ಯಾರೂ ಹೇಳಿರಲಾರರು, ನಾನೇ ಕಟ್ಟಿಕೊಂಡ ಶಾಸ್ತ್ರ ಅದು.

ಅಮ್ಮ ಹೆರಿಗೆಗೆಂದು ಸಾಲಗಾಮೆಯ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಹುಟ್ಟಿದ್ದು ಗಂಡುಮಗು, ಆರು ದಿನ ಇತ್ತು. ಅದು ಹೋದ ದಿನ ಇಲ್ಲಿ ಹೊಳೆ ತುಂಬಿ ಬಂದು ಸೇತುವೆಯ ಮೇಲೆ ಗಾಡಿ ಬಿಡುವುದನ್ನು ನಿಲ್ಲಿಸಿದ್ದರಂತೆ. ಅಪ್ಪ ಸಾಲಗಾಮೆಗೆ ಹೋದದ್ದು ಹದಿನೈದು ದಿನವಾದಮೇಲೆ. ಹೋದವರು ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, "ಹೊಳೆ ಬಂದಿತ್ತು, ಗಾಡಿ ನಿಂತಿದ್ದವು" ಅಂದರಂತೆ. ಮಗುವಿನ ಬಗ್ಗೆ ಒಂದು ಮಾತಿಲ್ಲ. ಅಮ್ಮ ಒಳಗಿನಿಂದಲೇ "ನಾನು ಬರಾಕಿಲ್ಲ" ಎಂದು ಹೇಳಿ ಕಳಿಸಿದಳು. ಇದನ್ನೆಲ್ಲ ನನಗೆ ಹೇಳಿದ್ದು ಅತ್ತೆ, ಅಪ್ಪನ ಅಕ್ಕ. ಗಂಡ ಸತ್ತಮೇಲೆ ನಮ್ಮ ಜೊತೆಗೇ ಇದ್ದ ಅವಳೇ ಮುದ್ದೆ ತಿರುವಿ ಬಸ್ಸಾರು ಮಾಡಿ ನಮ್ಮನ್ನು ಸಾಕುತ್ತಿದ್ದಳು. ಊಟಕ್ಕೆ ಮೂರು ತಟ್ಟೆ ಇಡುತ್ತಿದ್ದೆವು. ನಾಲ್ಕನೆಯದು ಗೂಡಿನಲ್ಲಿ ಗೋಡೆಗೆ ಒರಗಿ ನಿಂತಿರುತ್ತಿತ್ತು. ಅಪ್ಪ ಉಣ್ಣುವಾಗ ಅದರ ಕಡೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದರು. ನಾನು ಅದಕ್ಕೆ ಎದುರಾಗಿ ಕೂರುತ್ತಿದ್ದೆ.

ನವರಾತ್ರಿ ಹತ್ತಿರ ಬಂತು. ಅಮ್ಮನ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ, ಟ್ರಂಕಿನೊಳಗೆ ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಮಲಗಿದ್ದವು. ಹಿಂದಿನ ವರ್ಷ ಅವನ್ನು ಎಬ್ಬಿಸಿರಲಿಲ್ಲ. ಅತ್ತೆಗೆ ಅದೇ ಕೊರಗು.

"ಎಬ್ಬುಸ್ದೆ ಇನ್ನೊಂದು ವರ್ಸ ಬುಟ್ರೆ ಮನೆಗೆ ಒಳ್ಳೇದಲ್ಲ ಕಣೆ" ಅಂದಳು.

"ನೀನೇ ಕೂರ್ಸು ಅತ್ತೆ."

"ನಾನು ಮುಟ್ಟಂಗಿಲ್ಲ ಮಗ. ಮುತ್ತೈದೆ ಕೂರುಸ್ಬೇಕು, ಇಲ್ದಿದ್ರೆ ಹೆಣ್ಮಗು. ನಿಮ್ಮಪ್ಪನ್ನ ಕೇಳು. ಅವನ ಬಾಯಿಂದ ಮಾತು ಬಂದ್ರೆ ನಿನ್ನ ಪುಣ್ಯ."

ಅಪ್ಪನನ್ನು ಕೇಳಿದೆ. ಅವರು ಟೋಪಿ ಹಾಕಿಕೊಂಡು ಡ್ಯೂಟಿಗೆ ಹೊರಟರು. ಮಾರನೆಯ ದಿನ ಡ್ಯೂಟಿ ಮುಗಿಸಿ ಬಂದವರು ಕಾಗದದಲ್ಲಿ ಸುತ್ತಿದ್ದ ಒಂದು ರಟ್ಟಿನ ಪೆಟ್ಟಿಗೆಯನ್ನು ನನ್ನ ಮುಂದಿಟ್ಟರು. ಯಾರೋ ಗಾರ್ಡಿಗೆ ಹೇಳಿ ಬೆಂಗಳೂರಿನಿಂದ ತರಿಸಿದ್ದು. ಒಳಗೆ ಕೀ ಕೊಟ್ಟರೆ ಓಡುವ ತಗಡಿನ ಇಂಜಿನ್ನು, ಎರಡು ಡಬ್ಬಿ, ಜೋಡಿಸಿದರೆ ದುಂಡಗಾಗುವ ಹಳಿ. ನಾನು ಕುಣಿದಾಡಿಬಿಟ್ಟೆ. ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಮುಂದೆ ಒಂದು ಪಾರ್ಕು ಮಾಡುವುದು ರೂಢಿ. ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬರಿಸುವುದು, ಮಣ್ಣಿನ ಗುಡ್ಡ, ನಡುವೆ ಒಂದು ಕನ್ನಡಿ ಮಲಗಿಸಿದರೆ ಅದೇ ಕೆರೆ. ನಮ್ಮ ಮನೆಯಲ್ಲಿ ರೈಲು ಓಡಬೇಕು, ರೈಲಿದ್ದರೆ ಸೇತುವೆ ಬೇಕು, ಸೇತುವೆಯಿದ್ದರೆ ಹೊಳೆ ಬೇಕು ಎಂದು ನಾನೂ ಅಮ್ಮನ ಕನ್ನಡಿಯನ್ನು ಮೊಳೆಯಿಂದ ಕಿತ್ತು ತಂದೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ನೋಡಿದರು.

"ಇದರಲ್ಲಿ ನಿನ್ನ ಮುಖ ಕಾಣುತ್ತೆ. ಹೊಳೇಲಿ ಕಾಣುತ್ತಾ?"

ಕಾಣುವುದಿಲ್ಲ ಅಂದೆ. ಕನ್ನಡಿ ಮತ್ತೆ ಮೊಳೆಗೆ ಹೋಯಿತು. ಅಂದಿನಿಂದ ನಮ್ಮ ನಡುಮನೆಯಲ್ಲಿ ಹೊಳೆ ಕಟ್ಟುವ ಕೆಲಸ ಶುರುವಾಯಿತು. ಅಪ್ಪ ಎಲ್ಲಿಂದಲೋ ಒಂದು ಹಳೆಯ ಬಾಗಿಲ ಹಲಗೆ ತಂದರು. ಕೆರೆಯ ಜಿಗುಟು ಮಣ್ಣು ತಂದು ಎರಡು ದಡ ಎತ್ತಿದರು. ಬೆಂಕಿಕಡ್ಡಿಪೆಟ್ಟಿಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಬೂದಿ ಬೆರೆಸಿದ ಮಣ್ಣು ಮೆತ್ತಿ, ಅದರ ಮೇಲೆ ಮೊಳೆಯಿಂದ ಗೀರಿ ಕಲ್ಲುಕಟ್ಟಡದ ಕಂಬ ಮಾಡಿದರು. ಬಿದಿರಿನ ಸೀಳಿಗೆ ಕಪ್ಪು ಬಣ್ಣ ಬಳಿದು ತೊಲೆ ಮಾಡಿದರು. ಮನೆಯೆಲ್ಲ ಮರವಜ್ರದ ಅಂಟು ಕಾಯಿಸಿದ ನಾತ. ಅತ್ತೆ ಮೂಗಿಗೆ ಸೆರಗು ಹಿಡಿದು ಓಡಾಡುತ್ತಿದ್ದಳು. ಮರಗಳನ್ನು ಮಾಡಿದ್ದು ನಾನು. ಬೀಜಕ್ಕೆ ಬಿಟ್ಟು ಒಣಗಿದ ಸಬ್ಬಸಿಗೆ ಗಿಡದ ತಲೆ ಕೊಡೆಯ ಹಾಗೆ ಅಗಲವಾಗಿರುತ್ತದಲ್ಲ, ಅದಕ್ಕೆ ಅಂಟು ಸವರಿ, ನೆರಳಲ್ಲಿ ಒಣಗಿಸಿ ಪುಡಿ ಮಾಡಿದ ನುಗ್ಗೆಸೊಪ್ಪು ಉದುರಿಸಿದರೆ ದಡದ ಹೊಂಗೆಮರ ಆಗುತ್ತಿತ್ತು. ರಾಗಿ ಪೈರನ್ನು ದಡದುದ್ದಕ್ಕೂ ಚುಚ್ಚಬೇಕೆಂದಿದ್ದೆ. ಅಪ್ಪ ಬೇಡವೆಂದರು. ಸೇತುವೆಯ ಲೆಕ್ಕಕ್ಕೆ ರಾಗಿ ಪೈರು ತೆಂಗಿನಮರದಷ್ಟು ಎತ್ತರವಾಗುತ್ತದಂತೆ. ಅಪ್ಪ ನನ್ನೊಡನೆ ಇಷ್ಟು ಮಾತಾಡಿದ್ದು ಆ ವಾರವೇ. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಅಷ್ಟಾಗಿ ಇಲ್ಲ.

"ತಳ ಮೊದಲು ಮಾಡ್ಬೇಕು. ನೀರು ಆಮೇಲೆ. ತಳ ಸರಿಯಿಲ್ಲದಿದ್ರೆ ನೀರು ಸುಳ್ಳು ಅನ್ನಿಸುತ್ತೆ" ಅಂದರು.

ನಾನು ನನಗೆ ಬೇಕಾದ ಹೊಳೆಯನ್ನು ಹೇಳಿದೆ. ಬೇಸಗೆಯ ಹೊಳೆ. ಸೇತುವೆಯ ಕೆಳಗೆ ಮರಳು, ಮರಳಿನ ಪಕ್ಕ ಸಣ್ಣಗೆ ನೀರು, ನೀರಿನಲ್ಲಿ ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲು. ಅವಳು ಒಗೆಯುವಾಗ ನಾನು ಮರಳಲ್ಲಿ ಗುಂಡಿ ತೋಡುತ್ತಿದ್ದೆ. ಗುಂಡಿಯಲ್ಲಿ ನೀರು ಒಸರಿದರೆ "ಅಮ್ಮಾ, ಬಾವಿ" ಎಂದು ಕೂಗುತ್ತಿದ್ದೆ. ಅವಳು ತಿರುಗಿ ನೋಡದೆಯೇ "ಸೇದು ಮತ್ತೆ" ಅನ್ನುತ್ತಿದ್ದಳು. ಇದೆಲ್ಲವನ್ನೂ ಅಪ್ಪನಿಗೆ ಹೇಳಿದೆ. ಅವರು "ಹ್ಞೂಂ" ಅಂದರು. ಮಾರನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಹೊಳೆ ತುಂಬಿಬಿಟ್ಟಿತ್ತು. ಅಪ್ಪ ತಮ್ಮ ಹಳೆಯ ಪಂಚೆಯ ತುಂಡನ್ನು ಗಟ್ಟಿ ಗಂಜಿಯಲ್ಲಿ ಅದ್ದಿ, ದಡದಿಂದ ದಡಕ್ಕೆ ಹಾಸಿ, ಬೆರಳಲ್ಲಿ ಸುಕ್ಕು ಎಬ್ಬಿಸಿ ಅಲೆ ಮಾಡಿದ್ದರು.

"ನಾನು ಹೇಳಿದ್ದು ಈ ಹೊಳೆಯಲ್ಲ!"

"ಇದೇ ಹೊಳೆ."

"ಕಲ್ಲೆಲ್ಲಿ? ಮರಳೆಲ್ಲಿ?"

"ನೀರು ಬಂದಿದೆ" ಅಂದರು ಅಪ್ಪ.

ನಾನು ಅತ್ತು, ಮುದ್ದೆ ಬೇಡವೆಂದು ಹಟ ಮಾಡಿ, ಹಿತ್ತಲಲ್ಲಿ ಹೋಗಿ ಕೂತೆ. ಯಾರೂ ಕರೆಯಲು ಬರದಿದ್ದಾಗ ನಾನೇ ಒಳಗೆ ಬಂದೆ. ಹಟ ಮಾಡಿದರೆ ರಮಿಸುವವರೊಬ್ಬರು ಇರಬೇಕು, ಇಲ್ಲದಿದ್ದರೆ ಅದೂ ಬೇಸರದ ಕೆಲಸ. ಅಪ್ಪ ಬಣ್ಣ ಬಳಿಯುತ್ತಿದ್ದರು. ನಿಂತು ನೋಡಿದೆ, ಆಮೇಲೆ ಕೂತು ನೋಡಿದೆ. ತುಂಬಿದ ಹೊಳೆ ಕೆಂಪಗಿರುತ್ತದೆ ಅಂದುಕೊಂಡಿದ್ದೆ, ಅಪ್ಪನ ಹೊಳೆ ರಾಗಿ ಅಂಬಲಿಯ ಬಣ್ಣಕ್ಕಿತ್ತು. ನೀರು ಬಂದು ಹೊಡೆಯುವ ಕಡೆ ಕಂಬದ ಬುಡದಲ್ಲಿ ಉಬ್ಬು, ಹಿಂದುಗಡೆ ತಗ್ಗು. ಅಲ್ಲಲ್ಲಿ ಹತ್ತಿ ಹಿಂಜಿ ಅಂಟಿಸಿದ ನೊರೆ. ತೇಲಿಬಂದ ಒಂದು ಕೊಂಬೆ ಕಂಬಕ್ಕೆ ಸಿಕ್ಕಿಕೊಂಡಿತ್ತು. ಹೊಳೆಯ ನಡು ದಡಕ್ಕಿಂತ ಒಂದು ನೂಲು ಎತ್ತರ. ಏರುವ ಹೊಳೆಯ ನಡು ಉಬ್ಬಿರುತ್ತದೆ, ಇಳಿಯುವ ಹೊಳೆಯ ನಡು ತಗ್ಗಿರುತ್ತದೆ ಎಂದು ಅಪ್ಪ ಹೇಳಿಕೊಟ್ಟರು. ಇಷ್ಟು ವಯಸ್ಸಾದಮೇಲೂ ಯಾವ ಊರಿನ ತುಂಬುಹೊಳೆ ಕಂಡರೂ ನನ್ನ ಕಣ್ಣು ಮೊದಲು ನಡುವನ್ನೇ ಹುಡುಕುತ್ತದೆ. ಕೊನೆಗೆ ನಡುವಿನ ಕಂಬದ ಮೇಲೆ ನೀರಿನ ಮಟ್ಟ ತಿಳಿಯಲು ಸೇತುವೆಯಲ್ಲಿ ಬಳಿದಿರುತ್ತಾರಲ್ಲ, ಆ ಕೆಂಪು ಗೆರೆ ಎಳೆದರು. ನೀರು ಸರಿಯಾಗಿ ಅದಕ್ಕೆ ಮುಟ್ಟಿತ್ತು. ಮೇಲೆ ಮೂರು ಸಲ ವಾರ್ನಿಷ್ ಬಳಿದರು. ಒಣಗಿದ ದಿನ ಅತ್ತೆ ಬಂದು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ಅಯ್ಯಪ್ಪ, ಕಾಲಿಟ್ರೆ ಎಳ್ಕಂಡೋಯ್ತದೆ ಕಣ!"

ರೈಲನ್ನು ಅಪ್ಪ ಸೇತುವೆಯ ಈಚೆಗೆ ನಿಲ್ಲಿಸಿದರು. ಅದರ ಮುಂದೆ ಕಡ್ಡಿಯ ಸಿಗ್ನಲ್ಲು, ಅದರ ಕೈ ಅಡ್ಡಕ್ಕೆ.

"ನೀರು ಕೆಂಪು ಗೆರೆಗೆ ಬಂದಾಗ ಗಾಡಿ ಓಡಿಸೋ ಹಂಗಿಲ್ಲ. ಇದು ನಿಂತ ಗಾಡಿ. ಕೀ ಕೊಡಬೇಡ."

ನಾನು ಒಪ್ಪಿದೆ. ಆದರೆ ಅದಕ್ಕೂ ಮೊದಲೇ ನಾನು ಸಾಲಗಾಮೆಗೆ ಒಂದು ಕಾರ್ಡು ಬರೆದು ಹಾಕಿಯಾಗಿತ್ತು. "ಅಮ್ಮನಿಗೆ ನಮಸ್ಕಾರ. ಗೊಂಬೆ ಕೂರಿಸುತ್ತಿದ್ದೇನೆ. ಅಪ್ಪ ಹೊಳೆ ಮಾಡುತ್ತಿದ್ದಾರೆ. ರೈಲು ಓಡುತ್ತದೆ. ನೋಡಲು ಬಾ." ಪಾಡ್ಯದ ದಿನ ರಾಜ ರಾಣಿಯನ್ನು ನಾನೇ ಕೂರಿಸಿ ಆರತಿ ಎತ್ತಿದೆ. ಸ್ಟೇಶನ್ನಿನವರ ಮನೆಯ ಹೆಂಗಸರು ಬಂದರು, ಊರಿನಿಂದ ನನ್ನ ಕ್ಲಾಸಿನ ಹುಡುಗಿಯರೂ ಬಂದರು. ಎಲ್ಲರೂ ಹೊಳೆಗೆ ಬೆರಗಾದರು, ಎಲ್ಲರೂ "ರೈಲು ಓಡಲ್ವಾ?" ಎಂದು ಕೇಳಿದರು. ಓಡುವುದಿಲ್ಲ, ನೀರು ಬಂದಿದೆ ಅಂದೆ. ಗೊಂಬೆಯ ಚರಪೆಂದು ಕೊಟ್ಟ ತಿಂಡಿ ತಿಂದು ಹೋದರು. ಅವರು ಹೋದಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸಿತು. ದಿನವೂ ಹಾಸನದ ಕಡೆಯಿಂದ ಬರುವ ಮಧ್ಯಾಹ್ನದ ಗಾಡಿಗೆ ಪ್ಲಾಟ್‌ಫಾರಮ್ಮಿನ ಬೇವಿನ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದೆ.

ಆಯುಧಪೂಜೆಯ ದಿನ ಇಂಜಿನ್ನಿಗೆ ಬಾಳೆಕಂದು ಕಟ್ಟಿಕೊಂಡು ಬಂದ ಗಾಡಿಯಿಂದ ಅಮ್ಮ ಒಬ್ಬಳೇ ಇಳಿದಳು. ಹಾಸನದಲ್ಲಿ ಮಾವ ಹತ್ತಿಸಿ ಕಳಿಸಿದ್ದನಂತೆ. ನನ್ನನ್ನು ಅಪ್ಪಿಕೊಂಡಳು, ಬಹಳ ಹೊತ್ತು ಬಿಡಲಿಲ್ಲ. ಮನೆಗೆ ಬಂದಮೇಲೆ ಮಾತ್ರ ನೆಂಟಳ ಹಾಗೆ ಬಾಗಿಲ ಹತ್ತಿರವೇ ನಿಂತಳು. ಅತ್ತೆ ಚಾಪೆ ಹಾಸಿ, ಚೊಂಬಿನಲ್ಲಿ ನೀರು ತಂದಿಟ್ಟಳು. ತನ್ನ ಮನೆಯಲ್ಲೇ ಅಮ್ಮ ಆ ನೀರು ಕುಡಿದು, ಚೊಂಬು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತಿದ್ದಳು. ಅಪ್ಪ ಸ್ಟೇಶನ್ನಿನಿಂದ ಬಂದು ಹೊಸ್ತಿಲಲ್ಲಿ ನಿಂತರು.

"ಚೆನ್ನಾಗಿದೀಯಾ?"

"ಇದೀನಿ. ನೀವು?"

"ಹ್ಞೂಂ."

ಗಂಡ ಹೆಂಡತಿ ಹದಿನಾಲ್ಕು ತಿಂಗಳಿಗೆ ಆಡಿದ ಮಾತು ಇಷ್ಟು. ನಾನು ಅಮ್ಮನ ಕೈ ಹಿಡಿದು ಗೊಂಬೆಯ ಮುಂದಕ್ಕೆ ಎಳೆದೆ. ಅವಳು ರಾಜ ರಾಣಿಗೆ ಕೈಮುಗಿದಳು, ರಾಣಿಯ ಸೀರೆಯ ಮಡಿಕೆ ಸರಿಮಾಡಿದಳು. ಆಮೇಲೆ ಹೊಳೆಯನ್ನು ನೋಡಿದಳು. ನೋಡುತ್ತ ನೋಡುತ್ತ ಕೂತೇಬಿಟ್ಟಳು.

"ನಮ್ಮೊಳೆನೇನೆ ಇದು? ಇಷ್ಟೊಂದು ಬಂದಿತ್ತಾ ನೀರು?"

"ಕೆಂಪು ಗೆರೆ ಮುಟ್ಟಿತ್ತು" ಅಂದರು ಅಪ್ಪ, ಹೊಸ್ತಿಲಿನಿಂದಲೇ.

ಅಮ್ಮ ಆ ಗೆರೆಯ ಮೇಲೆ ಬೆರಳಿಟ್ಟಳು. ಅವಳ ಮುಖ ಕೊಂಚ ಸಡಿಲವಾದದ್ದನ್ನು ನಾನು ಕಂಡೆ. ಅಪ್ಪ ಹೊಳೆ ಕಟ್ಟಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ಬಾಯಲ್ಲಿ ಹೇಳಲಾರದ ಮನುಷ್ಯ, ನೋಡು ಇಷ್ಟು ನೀರಿತ್ತು, ಹೇಗೆ ಬರಲಿ ಎಂದು ಹಲಗೆಯ ಮೇಲೆ ಹೇಳಿದ್ದರು. ಅಮ್ಮ ನಂಬಿದಳು, ಇನ್ನು ಉಳಿದುಬಿಡುತ್ತಾಳೆ ಅನ್ನಿಸಿತು. ಸಂತೋಷಕ್ಕೆ ನನ್ನ ಬುದ್ಧಿ ಮಂಕಾಯಿತು. ಕಾರ್ಡಿನಲ್ಲಿ ರೈಲು ಓಡುತ್ತದೆ ಎಂದು ಬರೆದಿದ್ದೆನಲ್ಲ, ನಿಂತ ರೈಲು ತೋರಿಸಿದರೆ ಏನು ಚೆನ್ನ? ಸಿಗ್ನಲ್ಲಿನ ಕೈ ಇಳಿಸಿ, ಇಂಜಿನ್ನಿಗೆ ಕೀ ಕೊಟ್ಟು ಬಿಟ್ಟೆ. ಅದು ಕರಕರ ಎಂದು ಸೇತುವೆ ಹತ್ತಿತು, ಕೆಂಪು ಗೆರೆ ಮುಟ್ಟಿದ ನೀರಿನ ಮೇಲೆ ದಾಟಿತು, ಸುತ್ತು ಹಾಕಿಕೊಂಡು ಬಂದು ಮತ್ತೆ ದಾಟಿತು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಮೂರನೆಯ ಸಲ ಕೀ ಇಳಿದು ಸೇತುವೆಯ ನಟ್ಟನಡುವೆ ನಿಂತಿತು.

"ರೈಲು ದಾಟ್ತಲ್ಲ" ಅಂದಳು ಅಮ್ಮ, ಹೊಳೆಯ ಮೇಲಿನ ಕಣ್ಣು ಕೀಳದೆ.

ಅತ್ತೆ ಅಡುಗೆಮನೆಯಲ್ಲಿ ಒನಕೆ ಹಿಡಿದವಳು ಹಾಗೇ ನಿಂತಿದ್ದಳು. ಮಾಡಬಾರದ್ದನ್ನು ಮಾಡಿದೆ ಎಂದು ನನಗೆ ಗೊತ್ತಾಯಿತು. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ದಾಟ್ತು" ಅಂದರು. "ಮೊದಲನೇ ದಿನ ನಿಂತಿದ್ದು ನಿಜ. ಎರಡನೇ ದಿನ ನೀರು ಗೇಣುದ್ದ ಇಳೀತು. ಒಂದು ಗೂಡ್ಸು ಗಾಡಿನ ನಿಧಾನಕ್ಕೆ ಬಿಟ್ರು. ಲೈನ್ ಕ್ಲಿಯರ್ ಕೊಟ್ಟವನು ನಾನೇ. ಗಾರ್ಡು 'ಹತ್ತಿ ಸಾರ್' ಅಂತ ಕೈ ಹಿಡಿದು ಎಳೆದ. ನಾನು ಹತ್ತಲಿಲ್ಲ."

"ಯಾಕೆ?"

"ಮಗು ಹೋಯ್ತು ಅಂತ ಬಂದ ತಂತಿನ ಬರ್ಕೊಂಡವನೂ ನಾನೇ. ನನ್ನ ಕೈಯಾರೆ ಬರೆದೆ. ಅದಾದ ಮೇಲೆ ನಿನ್ನ ಮುಖ ಹೆಂಗೆ ನೋಡ್ಲಿ ಅಂತ ಹೆದರಿಕೊಂಡೆ. ಹೊಳೆಗಲ್ಲ ನಾನು ಹೆದರಿದ್ದು."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ ಹೇಳಿದಳು:

"ಗಾಡಿ ದಾಟಿದ್ದು ನಂಗೊತ್ತಿತ್ತು. ನಮ್ಮಣ್ಣ ಆಸನದ ಟೇಸನ್ನಾಗೆ ವಿಚಾರಿಸ್ಕಂಡು ಬಂದಿದ್ದ. ನಿಮ್ಮ ಬಾಯಾಗೇ ಬರ್ಲಿ ಅಂತ ಕಾಯ್ತಾ ಕೂತಿದ್ದೆ. ಒಂದು ವರ್ಸ ಕಾದೆ."

ನನಗೆ ಇದರ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ, ಅಮ್ಮನನ್ನು ಅಳಿಸಿದವಳು ನಾನು, ಅಪ್ಪ ಬೇಡವೆಂದರೂ ಕೀ ಕೊಟ್ಟವಳು ನಾನು. ಇಂಜಿನ್ನನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಸೌದೆಯ ಕೆಳಗೆ ಬಚ್ಚಿಟ್ಟೆ. ಯಾರೂ ಅದನ್ನು ಕೇಳಲಿಲ್ಲ. ವಿಜಯದಶಮಿಯ ದಿನ ರಾಜ ರಾಣಿಯನ್ನು ಅಮ್ಮನೇ ಮಲಗಿಸಿದಳು. ಮಾರನೆಯ ಬೆಳಿಗ್ಗೆ ಅಪ್ಪ ರಜೆ ಬರೆದುಕೊಟ್ಟು, ಅಮ್ಮನ ಜೊತೆ ಸಾಲಗಾಮೆಗೆ ಹೊರಟು ನಿಂತರು. ಹೊಲದ ಮೂಲೆಯಲ್ಲಿ ಮಗುವನ್ನು ಮಣ್ಣು ಮಾಡಿದ ಜಾಗವನ್ನು ಅವರು ಇನ್ನೂ ನೋಡಿರಲಿಲ್ಲ. ನಾನೂ ಬರುತ್ತೇನೆಂದು ಗೋಳಾಡಿದೆ.

"ಅಲ್ಲಿಗೆ ಮಕ್ಕಳು ಬರಬಾರ್ದು ಕಣವ್ವ" ಅಂದಳು ಅಮ್ಮ.

ಗಾಡಿ ಹೊರಟಿತು. ದೂರದಲ್ಲಿ ಅದು ಸೇತುವೆ ಹತ್ತಿದ ಸದ್ದು ಕೇಳಿತು, ಆಮೇಲೆ ಅದೂ ಇಲ್ಲ. ಅತ್ತೆ ಉಂಡು ಮಲಗಿದಳು. ನಡುಮನೆಯಲ್ಲಿ ಗೊಂಬೆಯಿಲ್ಲದ ಖಾಲಿ ಮೆಟ್ಟಿಲುಗಳು, ಅವುಗಳ ಮುಂದೆ ತುಂಬಿದ ಹೊಳೆ. ನನಗೆ ಆ ನೀರಿನ ಮೇಲೆ ಇನ್ನಿಲ್ಲದ ಸಿಟ್ಟು ಬಂತು. ಇದು ಬರದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಚಮಚ ತಂದು ದಡದ ಅಂಚಿನಲ್ಲಿ ಮೀಟಿದೆ. ವಾರ್ನಿಷ್ ಚಟಚಟ ಸೀಳಿತು. ಗಂಜಿ ಹಾಕಿದ ಬಟ್ಟೆ ಹಪ್ಪಳದಂತೆ ಒಂದು ಮೂಲೆಯಲ್ಲಿ ಎದ್ದುಬಂತು. ಎತ್ತಿ ಬಗ್ಗಿ ನೋಡಿದೆ.

ಕೆಳಗೆ ಮರಳಿತ್ತು. ಹೊಳೆಯಿಂದಲೇ ತಂದು ಜರಡಿ ಹಿಡಿದ ನಿಜವಾದ ಮರಳು. ಅದರ ಪಕ್ಕದಲ್ಲಿ ಸಣ್ಣಗೆ ಹರಿಯುವ ನೀಲಿ ನೀರನ್ನು ಬಳಿದಿದ್ದರು. ನೀರಿನಂಚಿಗೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಉಗುರಿನಷ್ಟು ಅಗಲದ ಕೆಂಪು ಬಟ್ಟೆ. ಮರಳಿನಲ್ಲಿ ಕಡ್ಡಿಯಿಂದ ಚುಚ್ಚಿದ ಒಂದು ಗುಂಡಿ. ನಾನು ಹೇಳಿದ್ದರಲ್ಲಿ ಒಂದನ್ನೂ ಅಪ್ಪ ಬಿಟ್ಟಿರಲಿಲ್ಲ. ಮಾಡಿ, ಅದರ ಮೇಲೆ ನೀರು ಹಾಸಿದ್ದರು. ಯಾರೂ ನೋಡಲಾರದ ಜಾಗಕ್ಕೆ ಅಷ್ಟು ಕೆಲಸ. ನಾನು ಬಟ್ಟೆಯನ್ನು ಮೆಲ್ಲಗೆ ಹಾಗೇ ಮುಚ್ಚಿದೆ. ಆ ಮೂರು ದಿನ, ಅತ್ತೆ ಮಲಗಿದಾಗಲೆಲ್ಲ ಎತ್ತಿ ನೋಡುತ್ತಿದ್ದೆ.

ಮೂರನೆಯ ದಿನ ಅಪ್ಪ ಒಬ್ಬರೇ ಇಳಿದರು. ಮನೆಗೆ ಬಂದು, ಎದ್ದ ಮೂಲೆಯನ್ನು ಕಂಡು, ಪಕ್ಕದಲ್ಲಿ ಕೂತರು.

"ನೋಡ್ದಾ?"

"ಹ್ಞೂಂ."

"ತಳ ಮೊದಲು ಮಾಡ್ಬೇಕಲ್ಲ" ಅಂದರು.

"ಅಮ್ಮ?"

"ಬರ್ತೀನಿ ಅಂದಿದಾಳೆ."

ಆ ರಾತ್ರಿ ಊಟಕ್ಕೆ ಕೂರುವಾಗ ಅಪ್ಪ ಗೂಡಿನ ತಟ್ಟೆಗೆ ಬೆನ್ನು ಹಾಕಲಿಲ್ಲ. ಅಮ್ಮ ಬಂದದ್ದು ದೀಪಾವಳಿ ಕಳೆದಮೇಲೆ, ತನ್ನ ಬಟ್ಟೆಯ ಟ್ರಂಕಿನ ಸಮೇತ. ಬಂದ ಸಂಜೆಯೇ ನಾನು ಅವಳನ್ನು ಹಲಗೆಯ ಮುಂದೆ ಕೂರಿಸಿ, ನೀರು ಎತ್ತಿ ತೋರಿಸಿದೆ. ಅಪ್ಪ ಪೇಪರು ಓದುವವರಂತೆ ಕೂತಿದ್ದರು. ಅಮ್ಮ ಬಗ್ಗಿ ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅವಳು ಕೆಂಪು ಬಟ್ಟೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ತಲೆಯೆತ್ತಿದಳು.

"ಕಲ್ಲು, ಕಂಬದ ಈ ಕಡಿಕೆ ಅಲ್ಲ, ಆ ಕಡಿಕೆ ಇರೋದು. ಒಂದಿನಾನಾರ ಬಂದು ನೋಡಿದ್ರೆ ತಾನೆ ಗೊತ್ತಾಗಾದು!"

ಅಪ್ಪ ಪೇಪರು ಮಡಿಸಿಟ್ಟು ಹತ್ತಿರ ಬಂದರು. ಒಂದು ಚಾಕು ತಂದು ಕಲ್ಲನ್ನು ಎಬ್ಬಿಸಿ, ಅಮ್ಮ ತೋರಿಸಿದ ಕಡೆ ಇಟ್ಟರು. ಆಮೇಲೆ, ಇಂಜಿನಿಯರನ್ನು ಕೇಳುವ ಹಾಗೆ ಕೇಳಿದರು:

"ನೀರು ಎಷ್ಟಿಡ್ಲಿ?"

"ನೆರಿಗೆ ನೆನೆಯೋವಷ್ಟು."

"ಅಂದ್ರೆ ಎಷ್ಟು?"

"ನಾಳೆ ಬಟ್ಟೆ ತಗಂಡು ಓಯ್ತೀನಿ. ಬನ್ನಿ, ನೀವೇ ನೋಡೀರಂತೆ."

ಮಾರನೆಯ ದಿನ ಅಪ್ಪ ಡ್ಯೂಟಿ ಬದಲಾಯಿಸಿಕೊಂಡು, ಬಟ್ಟೆಯ ಗಂಟನ್ನು ತಾವೇ ಎತ್ತಿಕೊಂಡು, ಅಮ್ಮನ ಹಿಂದೆ ಹಳಿಯ ಪಕ್ಕದಲ್ಲಿ ಹೊಳೆಯ ಕಡೆ ಹೋದರು. ನನ್ನನ್ನು ಕರೆಯಲಿಲ್ಲ. ಕರೆಯುತ್ತಾರೆಂದು ಬೇಲಿಯವರೆಗೆ ಹೋಗಿ ನಿಂತೆ, ಇಬ್ಬರೂ ತಿರುಗಿ ನೋಡಲಿಲ್ಲ. ವಾಪಸು ಬಂದು ಮೆಟ್ಟಿಲ ಮೇಲೆ ಅಳಗುಳಿಮಣೆ ಇಟ್ಟುಕೊಂಡು, ಗುಳಿಗಳಿಗೆ ಹುಣಸೆಬೀಜ ತುಂಬಿ, ಎರಡೂ ಕಡೆಯ ಆಟವನ್ನು ನಾನೇ ಆಡಿದೆ. ಅಂದು ಮೊದಲ ಸಲ ಅಮ್ಮನನ್ನು ಸೋಲಿಸಿದೆ.